ಪಂಪಿಗೆ ಮಣೆ

ಕಾವೇರಿ ನೀರು ಬೆಂಗಳೂರಿಗೆ ಸುಮ್ನೆ ಹರಿದು ಬರೋದಿಲ್ಲ. ತೊರೆಕಾಡನಹಳ್ಳಿಯಲ್ಲಿ ಒಂದು ಸಲ ಎತ್ತುತ್ತಾರೆ. ಹಾರೋಹಳ್ಳಿಯಲ್ಲಿ ಇನ್ನೊಂದು ಸಲ, ತಾತಗುಣಿಯಲ್ಲಿ ಮತ್ತೊಂದು ಸಲ. ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ. ಅಷ್ಟು ಹತ್ತಿ ಬಂದ ನೀರು ನಮ್ಮ ಮನೆ ಸಂಪಿಗೆ ಬಿದ್ದು ಮಲಗುತ್ತದೆ. ಅಲ್ಲಿಂದ ತಾರಸಿ ಮೇಲಿನ ಟ್ಯಾಂಕಿಗೆ ಇನ್ನು 30 ಅಡಿ. ಆ 30 ಅಡಿ ಮಾತ್ರ ನಮ್ಮ ಪಾಲಿನ ಕೆಲಸ.

ಬೇಸಿಗೆಯ ಒಂದು ಶನಿವಾರ ರಾತ್ರಿ ಆ ಕೆಲಸ ಮಾಡುತ್ತಿದ್ದ ಮೋಟಾರ್ ಗುಂಯ್ ಅಂದಿತು, ಸುಟ್ಟ ವಾಸನೆ ಬಿಟ್ಟಿತು, ಆಮೇಲೆ ಮಾತಿಲ್ಲ. ಬೆಳಿಗ್ಗೆ ಮೆಕ್ಯಾನಿಕ್ ಬಂದು ಮೂಸಿ ನೋಡಿದ. ಮುಟ್ಟಲೂ ಇಲ್ಲ. "ಕಾಯಿಲ್ ಹೋಗಿದೆ ಸಾರ್, ವೈಂಡಿಂಗ್ ಮಾಡಬೇಕು, ಮಂಗಳವಾರ ಕೊಡ್ತೀನಿ" ಅಂದವನೇ ಅದನ್ನು ಬಿಚ್ಚಿ, ಸ್ಕೂಟರಿನಲ್ಲಿ ಕಾಲಿನ ಹತ್ತಿರ ಇಟ್ಟುಕೊಂಡು ಹೋದ.

"ಸಂಪಿನ ತುಂಬಾ ನೀರು, ನಲ್ಲಿ ತಿರುಗಿಸಿದರೆ ಗಾಳಿ" ಅಂತ ಅಮ್ಮ ಗೊಣಗಿದರು. ಹೆಂಡತಿ ಮಾತ್ರ ಎಂದಿನಂತೆ ದಾರಿ ತೋರಿಸಿದಳು. "ಹಿಂದಿನ ಬೀದಿಯಲ್ಲಿ ಮೋಟಾರ್ ಬಾಡಿಗೆಗೆ ಕೊಡ್ತಾರೆ ರೀ. ಎರಡು ದಿನದ ಮಾತಲ್ವಾ?"

ನನಗೆ ಅದು ಕೇಳಿಸಲಿಲ್ಲ. ನಾನು ಆಗಲೇ ಅಟ್ಟ ಹತ್ತಿದ್ದೆ. ಎರಡು ವರ್ಷದ ಹಿಂದೆ ಆನ್‌ಲೈನಿನಲ್ಲಿ ತರಿಸಿದ ಒಂದು ಪಂಪು ಅಲ್ಲಿತ್ತು. ಡ್ರಿಲ್ ಮೆಷಿನ್ನಿಗೆ ಸಿಕ್ಕಿಸುವ ಪಂಪು. ಗಾತ್ರದಲ್ಲಿ ತೆಂಗಿನಕಾಯಿ ಹೋಳಿನಷ್ಟು. ಒಳಗೊಂದು ರಬ್ಬರ್ ಚಕ್ರ, ಎರಡು ಮೂತಿ, ಹಿಂದೆ ಒಂದು ಕಡ್ಡಿ. ಆ ಕಡ್ಡಿಯನ್ನು ಡ್ರಿಲ್ಲಿನ ಬಾಯಿಗೆ ಹಾಕಿ ಬಿಗಿ ಮಾಡಿ, ಬಂದೂಕಿನ ಕುದುರೆಯಂಥ ಅದರ ಸ್ವಿಚ್ ಒತ್ತಿದರೆ ಒಂದು ಮೂತಿ ನೀರು ಕುಡಿಯುತ್ತದೆ, ಇನ್ನೊಂದು ಉಗುಳುತ್ತದೆ. ಇಂಥದ್ದನ್ನು ಯಾಕೆ ತರಿಸಿದೆ ಅಂತ ಹೆಂಡತಿ ಆಗಲೇ ಕೇಳಿದ್ದಳು. ಉತ್ತರ ಕೊಡುವ ದಿನ ಈಗ ಬಂದಿತ್ತು.

ಕಾಗದದ ಮೇಲೆ ಲೆಕ್ಕವನ್ನೂ ಹಾಕಿದೆ. 500 ಲೀಟರ್ ನೀರನ್ನು 10 ಮೀಟರ್ ಎತ್ತಲು ಸುಮಾರು 49,000 ಜೂಲ್ ಸಾಕು. ನನ್ನ ಡ್ರಿಲ್ಲು 550 ವ್ಯಾಟಿನದು. ಭಾಗಿಸಿದರೆ ಒಂದೂವರೆ ನಿಮಿಷ! ಟ್ಯಾಂಕು ತುಂಬಿ ಹರಿದೀತು, ಮೇಲೆ ನಿಂತು ಕೂಗು ಅಂತ ಮಗನನ್ನು ತಾರಸಿಗೆ ಅಟ್ಟಿದೆ.

ಪಂಪನ್ನು ಕೈಯಲ್ಲಿ ಹಿಡಿದರೆ ಡ್ರಿಲ್ಲಿನ ಜೊತೆ ಅದೂ ಗಿರಗಿರ ತಿರುಗುತ್ತದೆ. ಅದಕ್ಕೆಂದೇ ಅಡಿಯಲ್ಲಿ ನಾಲ್ಕು ತೂತು ಕೊಟ್ಟಿದ್ದಾರೆ, ಹಲಗೆಗೆ ಬಿಗಿಯಲು. ಹಲಗೆ ಎಲ್ಲೂ ಸಿಗಲಿಲ್ಲ. ದೇವರ ಮನೆಯ ಬಾಗಿಲ ಹಿಂದೆ ಅಮ್ಮನ ಮಣೆ ಕಾಣಿಸಿತು. ಹಲಸಿನ ಮರದ್ದು, ಅಂಚಿಗೆ ಹಿತ್ತಾಳೆ ಪಟ್ಟಿ. ನಾಲ್ಕು ಸ್ಕ್ರೂ ಹೊಡೆದೆ. ಊರಲ್ಲಿ ಅಳಿಯಂದಿರಿಗೆ ಹಾಕುತ್ತಿದ್ದ ಮಣೆಯ ಮೇಲೆ ಪಂಪು ಕೂತಿತು.

ಹೆಂಡತಿ ಸೋತು, ರಬ್ಬರ್ ಚಪ್ಪಲಿ ತಂದು ನನ್ನ ಕಾಲ ಹತ್ತಿರ ಬಿಟ್ಟಳು. ಎಕ್ಸ್‌ಟೆನ್ಷನ್ ಬಾಕ್ಸನ್ನು ನೆಲದಿಂದ ಎತ್ತಿ ಕಿಟಕಿ ಸರಳಿಗೆ ಕಟ್ಟಿದಳು. ಇಡೀ ದಿನದಲ್ಲಿ ಸರಿಯಾಗಿ ನಡೆದ ಕೆಲಸ ಇವೆರಡೇ.

ಡ್ರಿಲ್ ಒತ್ತಿದೆ. ಸಂಪಿನೊಳಗಿಂದ ಗುಳುಗುಳು ಅಂತ ಭರ್ಜರಿ ಸದ್ದು ಬಂತು. "ಬಂತಾ?" ಅಂತ ಕೂಗಿದೆ. ಮೇಲಿಂದ "ಇಲ್ಲಾ" ಅಂತ ಬಂತು. ಇನ್ನೂ ಜೋರಾಗಿ ಒತ್ತಿದೆ, ಇನ್ನೂ ಜೋರಾಗಿ ಗುಳುಗುಳು. ಅಮ್ಮ ಬಂದು ಬಗ್ಗಿ ನೋಡಿ, "ಇದೇನೋ, ಸಂಪು ಗೊರಕೆ ಹೊಡೀತಿದೆ?" ಅಂದರು. ಹಿಂದಿನ ಸಲ ಯಾವುದೋ ಸ್ಕ್ರೂ ಬಿಚ್ಚುವಾಗ ಡ್ರಿಲ್ಲನ್ನು ಉಲ್ಟಾ ತಿರುಗಲು ಇಟ್ಟಿದ್ದೆ, ಹಾಗೇ ಇತ್ತು. ಅಂದರೆ ಇಷ್ಟು ಹೊತ್ತೂ ತಾರಸಿಯ ಗಾಳಿಯನ್ನು ಎಳೆದು ಎಳೆದು ಸಂಪಿಗೆ ತುಂಬುತ್ತಿದ್ದೆ.

ಸ್ವಿಚ್ ಸರಿ ಮಾಡಿದೆ. ಆ ಗಡಿಬಿಡಿಯಲ್ಲಿ ಪಕ್ಕದ ಇನ್ನೊಂದು ಗುಂಡಿಯೂ ಸರಿಯಿತು. ಗೋಡೆ ಕುಟ್ಟಿ ಕೊರೆಯಲು ಸುತ್ತಿಗೆ ಚಿತ್ರದ್ದೊಂದು ಇರುತ್ತದಲ್ಲ, ಅದು. ಕುದುರೆ ಒತ್ತಿದ್ದೇ ತಡ, ಟಡಟಡಟಡ ಅಂತ ಪಂಪು, ಮಣೆ, ಮಣೆ ಮೇಲೆ ಕಾಲಿಟ್ಟ ನಾನು, ಮೂವರೂ ಕುಣಿಯತೊಡಗಿದೆವು. ಎದುರು ಮನೆಯ ನಿವೃತ್ತ ಇಂಜಿನಿಯರ್ ಬನಿಯನ್ನಿನಲ್ಲೇ ಗೇಟಿಗೆ ಬಂದರು. "ಭಾನುವಾರ ಬೆಳಿಗ್ಗೆನೇ ಟೈಲ್ಸ್ ಒಡೆಸ್ತಿದ್ದೀರಾ ಸಾರ್?"

ವಿಷಯ ತಿಳಿದ ಮೇಲೆ ಅವರು ಮನೆಗೆ ಹೋಗಲೇ ಇಲ್ಲ. ಕುರ್ಚಿ ತರಿಸಿಕೊಂಡರು. ಸಂಪಿಗೆ ಇಳಿಬಿಟ್ಟ ನನ್ನ ಹಸಿರು ತೋಟದ ಪೈಪು ಡ್ರಿಲ್ ತಿರುಗಿದಾಗೆಲ್ಲ ಚಪ್ಪಟೆಯಾಗಿ ಅಂಟಿಕೊಳ್ಳುತ್ತಿತ್ತು. "ನೀರು ಎಳೆಯೋ ಕಡೆ ಮೆತ್ತನೆ ಪೈಪ್ ಹಾಕಬಾರದು ಸಾರ್. ಒಳಗೆ ಗಾಳಿ ಕಮ್ಮಿ ಆದ ತಕ್ಷಣ ಹೊರಗಿನ ಗಾಳಿ ಅದನ್ನ ಅಮುಕುತ್ತೆ" ಅಂದರು. ಅವರ ಮನೆಯಿಂದಲೇ ಒಂದು ಗಟ್ಟಿ ಪೈಪಿನ ತುಂಡು ಬಂತು. ಮೂತಿಗೆ ಅದು ಸಡಿಲ. ಹಳೇ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿ ಬಿಗಿದೆ. ರಬ್ಬರ್ ಚಕ್ರ ಒಣಗಿ ತಿರುಗಿದರೆ ಸವೆದುಹೋಗುತ್ತದೆ ಅಂತ ಅವರೇ ಒಂದು ಚೊಂಬು ನೀರು ಹುಯ್ದರು. ಮತ್ತೆ ಒತ್ತಿದೆ.

ಬಂತು! ಪೈಪಿನೊಳಗೆ ನೀರು ಏರುವುದು ಕಣ್ಣಿಗೇ ಕಾಣುತ್ತಿತ್ತು. ಕಿಟಕಿ ದಾಟಿತು, ಸಜ್ಜಾ ದಾಟಿತು, ಮೊದಲ ಮಹಡಿ ದಾಟಿತು. ಮೇಲೆ ಹೋದಂತೆ ಡ್ರಿಲ್ಲಿನ ದನಿ ದಪ್ಪವಾಗುತ್ತಾ ಬಂತು, ಏರು ಹತ್ತುವ ಲಾರಿಯ ಹಾಗೆ. ಕೊನೆಗೆ ಮಗ ಕೂಗಿದ. "ಅಪ್ಪಾ, ಬಂತು! ಆದ್ರೆ ಉಚ್ಚೆ ಹುಯ್ದಂಗೆ ಬರ್ತಿದೆ!"

ಡಬ್ಬಿಯ ಮೇಲೆ ನಿಮಿಷಕ್ಕೆ ಹತ್ತಾರು ಲೀಟರ್ ಅಂತಿತ್ತು. ಎಷ್ಟು ಎತ್ತರಕ್ಕೆ ಅಂತ ಇರಲಿಲ್ಲ. 30 ಅಡಿ ಮೇಲೆ ನಮಗೆ ಸಿಕ್ಕಿದ್ದು ನಿಮಿಷಕ್ಕೆ ಎರಡು ಲೀಟರ್. ಅದೂ ಎರಡು ನಿಮಿಷ ಓಡಿಸಿದರೆ ಡ್ರಿಲ್ಲು ಕೈ ಸುಡುವಷ್ಟು ಬಿಸಿ, ಆಮೇಲೆ ಐದು ನಿಮಿಷ ಅದಕ್ಕೆ ವಿಶ್ರಾಂತಿ. ಒಂದೂವರೆ ನಿಮಿಷದ ಲೆಕ್ಕವನ್ನು ಇಂಜಿನಿಯರ್ ತರಿಸಿಕೊಂಡು ನೋಡಿದರು. "ಲೆಕ್ಕ ಸರಿಯಾಗಿದೆ" ಅಂದರು. ಅಷ್ಟೇ ಅಂದರು.

ಹನ್ನೊಂದರ ಹೊತ್ತಿಗೆ ಸೈಕಲ್ ಟ್ಯೂಬು ಜಾರಿ, ಮೇಲೆ ಹತ್ತಿದ್ದ ನೀರೆಲ್ಲ ಇಳಿದು ನನ್ನ ಮೇಲೆ ಬಿತ್ತು. ಡ್ರಿಲ್ಲಿಗೂ ಬಿತ್ತು. ಟಕ್ ಅಂತ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಇ.ಎಲ್.ಸಿ.ಬಿ. ಸ್ವಿಚ್ ಬಿದ್ದು ಮನೆಯೆಲ್ಲ ಕರೆಂಟ್ ಹೋಯಿತು. ಒಳಗೆ ಅರ್ಧ ರುಬ್ಬಿದ ಚಟ್ನಿ ನಿಂತಿತು. ಹೆಂಡತಿ ಬಾಗಿಲಿಗೆ ಬಂದು ನನ್ನ ಜೀವ ಇದೆ ಅಂತ ಖಚಿತ ಮಾಡಿಕೊಂಡಳು. ಆಮೇಲೆ ಬೈದಳು. ಆ ಕ್ರಮ ನನಗೆ ಹಿಡಿಸಿತು. ಡ್ರಿಲ್ಲನ್ನು ಒಂದೂವರೆ ಗಂಟೆ ಬಿಸಿಲಿಗಿಟ್ಟು ಒಣಗಿಸಿದೆ. ಅವಳಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಮತ್ತೆ ಹಚ್ಚುವ ಮೊದಲು ಎದುರು ಮನೆಯಿಂದ ಬ್ಯಾಟರಿ ಡ್ರಿಲ್ಲೊಂದು ಬಂತು.

ಅದರ ಬ್ಯಾಟರಿ ಪೂರ್ತಿ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಟ್ಯಾಂಕಿನಲ್ಲಿ ನಾಲ್ಕು ಬೆರಳು ನೀರು. 60 ಲೀಟರ್ ಇದ್ದೀತು, ಅಂದರೆ ನಾಲ್ಕು ಬಕೆಟ್. ಇಷ್ಟಕ್ಕೆ ಬಕೆಟ್ಟಿನಲ್ಲೇ ಹೊತ್ತಿದ್ದರೆ ಕಾಲು ಗಂಟೆ ಅಂತ ಯಾರೂ ಹೇಳಲಿಲ್ಲ. ಎಲ್ಲರ ಮುಖದಲ್ಲೂ ಅದೇ ಇತ್ತು.

ಪಂಪಿನಿಂದ ಪೈಪು ಕಿತ್ತೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಸಾರಿದ ಮೇಲೆ, ನಮ್ಮ ಮನೆಯಲ್ಲಿ ನೀರು ಚೆಲ್ಲಿದರೆ ಹಾಲು ಚೆಲ್ಲಿದ ಹಾಗೆ. ಪೈಪಿನಲ್ಲಿ ಉಳಿದ ನೀರು ಅಂಗಳಕ್ಕೆ ಹೋಗದಿರಲಿ ಅಂತ ತುದಿಯನ್ನು ಜೋಪಾನವಾಗಿ ಸಂಪಿಗೆ ಇಳಿಬಿಟ್ಟು ಊಟಕ್ಕೆ ಹೋದೆ. ಮೇಲಿನ ತುದಿಗೆ ಬೆಳಿಗ್ಗೆಯೇ ಒಂದು ಕಲ್ಲು ಕಟ್ಟಿ ಟ್ಯಾಂಕಿನ ತಳಕ್ಕೆ ಬಿಟ್ಟಿದ್ದೆ, ಪೈಪು ಹೊರಗೆ ಹಾರದಿರಲಿ ಅಂತ.

ಅನ್ನಕ್ಕೆ ಸಾರು ಕಲೆಸುತ್ತಿದ್ದೆ. ಮಗ ಸಂಪಿನ ಹತ್ತಿರದಿಂದ ಕೂಗಿದ. "ಅಪ್ಪಾ, ಈಗ ಸಖತ್ ಫೋರ್ಸಲ್ಲಿ ಬರ್ತಿದೆ! ಡ್ರಿಲ್ಲೇ ಇಲ್ಲ!"

ಸಾರಿನ ಕೈಯಲ್ಲೇ ಓಡಿದೆ. ಟ್ಯಾಂಕಿನ ತಳದಿಂದ ಸಂಪಿನವರೆಗೆ ತುಂಬಿದ ಪೈಪು. ಎಂಟನೇ ಕ್ಲಾಸಿನ ಹುಡುಗನೂ ಅದಕ್ಕೆ ಸೈಫನ್ ಅಂತ ಹೆಸರು ಹೇಳುತ್ತಾನೆ. ನಮ್ಮವನು ಹೇಳಿಯೇಬಿಟ್ಟ. ಬೆಳಿಗ್ಗೆಯಿಂದ ಹತ್ತಿಸಿದ ಅರವತ್ತು ಲೀಟರೂ ಐದಾರು ನಿಮಿಷದಲ್ಲಿ ವಾಪಸ್ಸು ಬಂದು, ಕೊನೆಗೆ ಪೈಪು ಸೊರ್ ಅಂತ ತೇಗಿತು.

ಸಂಜೆ ಹೆಂಡತಿ ಬಾಡಿಗೆ ಮೋಟಾರ್ ತರಿಸಿದಳು. ಹತ್ತು ನಿಮಿಷದಲ್ಲಿ ಟ್ಯಾಂಕು ತುಂಬಿ ಚೆಲ್ಲಿತು. ಮೇಲೆ ನಿಂತು ಕೂಗಬೇಕಾಗಿದ್ದ ಮಗ ಆಗ ಕೆಳಗಿದ್ದ.

ಮಣೆಯ ನಾಲ್ಕು ತೂತು ಅಮ್ಮನ ಕಣ್ಣಿಗೆ ಬಿದ್ದದ್ದು ನನ್ನ ಹುಟ್ಟುಹಬ್ಬದ ದಿನ. ಏನೂ ಅನ್ನಲಿಲ್ಲ. ಅದರ ಮೇಲೇ ನನ್ನನ್ನು ಕೂರಿಸಿ, ಎಣ್ಣೆ ಹಚ್ಚುತ್ತಾ, "ಗಟ್ಟಿಯಾಗಿ ಕೂತ್ಕೋ, ಸ್ಕ್ರೂ ಏನಾದ್ರೂ ಬೇಕಾ?" ಅಂದರು.