ಮಾವನಿಗೆ ಬೇಕು, ಅಳಿಯನಿಗೆ ಬೇಡ: ರೇಡಿಯೊದಲ್ಲಿ ಹೆವಿ ಮೆಟಲ್

ಪ್ರಶ್ನೆ: ಕಲಬುರಗಿಯ ರೇಡಿಯೊಗಳು ವಾರಕ್ಕೆ ಒಂದು ಗಂಟೆಯಾದರೂ ಹೆವಿ ಮೆಟಲ್ ಸಂಗೀತ ಹಾಕಬೇಕೇ?

ಪರ: ಮಾವ

ನನ್ನದು ಮೈಕ್ ಸೆಟ್ಟಿನ ಅಂಗಡಿ. ಮದುವೆ, ಜಾತ್ರೆ, ಪುರಾಣ, ಚುನಾವಣೆ ಎಲ್ಲಕ್ಕೂ ದನಿಯನ್ನು ಬಾಡಿಗೆಗೆ ಕೊಟ್ಟು ಮೂವತ್ತೈದು ವರ್ಷ ಕಳೆದಿದ್ದೇನೆ. ಆಂಪ್ಲಿಫೈಯರ್ ತಾಳುವುದಕ್ಕಿಂತ ಹೆಚ್ಚು ಏರಿಸಿದರೆ ದನಿ ಒಡೆಯುತ್ತದೆ, ಬೈಗುಳ ನನ್ನ ಪಾಲಿಗೆ ಬರುತ್ತದೆ. ಅದೇ ಒಡಕು ದನಿಯನ್ನು ಬೇಕೆಂದೇ ತರಿಸಿ, ಅದನ್ನೇ ನಾದವೆಂದು ನುಡಿಸುವವರಿದ್ದಾರೆ ಎಂದು ನನಗೆ ತೋರಿಸಿದವನು ನನ್ನ ಅಳಿಯ. ಮೊದಲ ದಿನ ಸ್ಪೀಕರ್ ಸುಟ್ಟಿದೆ ಎಂದುಕೊಂಡು ತಂತಿ ಕಿತ್ತುಬಿಟ್ಟಿದ್ದೆ.

ಆಮೇಲೆ ಕುಳಿತು ಕೇಳಿದೆ. ಅದರ ಮೂಲದ ಕಥೆಯನ್ನೂ ಅವನೇ ಹೇಳಿದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಟೋನಿ ಅಯೊಮಿ ಎಂಬ ಹುಡುಗ ಹದಿನೇಳರ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡ. ಎಡಚನಾದ ಅವನು ಗಿಟಾರಿನ ತಂತಿ ಒತ್ತಬೇಕಾದದ್ದು ಅದೇ ಕೈಯಿಂದ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳು ತಂತಿ ಕಟ್ಟಿದ, ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿ ಇಳಿಸಿದ. ಅವನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ 1970ರಲ್ಲಿ ಬಂತು, ಈ ಸಂಗೀತ ಅಲ್ಲಿಂದ ಬೆಳೆಯಿತು. ಶಹಾಬಾದಿನ ಕಲ್ಲುಗಣಿ, ವಾಡಿಯ ಸಿಮೆಂಟ್ ಕಾರ್ಖಾನೆಯ ದೂಳು ಕಂಡ ಜಿಲ್ಲೆಯ ಜನರಿಗೆ ಇದು ಹೇಗೆ ಪರದೇಶಿಯಾದೀತು?

‘ಕಿರುಚಾಟ’ ಎನ್ನುವವರಿಗೆ ಒಂದು ಮಾತು. ವೀರಭದ್ರನ ಜಾತ್ರೆಯಲ್ಲಿ ಪುರವಂತರು ಖಡ್ಗ ಝಳಪಿಸುತ್ತ ಒಡಪು ಹೇಳುವುದನ್ನು ಕೇಳಿದ್ದೀರಲ್ಲ? ‘ಅಹಹಾ ರುದ್ರಾ’ ಎಂದು ಹೊಟ್ಟೆಯಾಳದಿಂದ ಎತ್ತುವ ದನಿಗೆ ಇಂಪಿನ ಹಂಗಿಲ್ಲ. ಕೇಳುವ ಮಕ್ಕಳು ಹೆದರಿ ತಾಯಿಯ ಸೆರಗು ಹಿಡಿಯುತ್ತವೆ. ಹೆದರಲಿ ಎಂದೇ ಆ ದನಿ ಇರುವುದು. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹಲಗೆ ಬಡಿಯುವಾಗ ಎದೆಗೂಡು ನಡುಗುತ್ತದೆ, ಆಗ ಯಾರೂ ಕಿವಿ ಮುಚ್ಚಿಕೊಳ್ಳುವುದಿಲ್ಲ. ಇನ್ನು ಈ ಗಿಟಾರಿನವರು ಬಾರಿಸುವ ‘ಪವರ್ ಕಾರ್ಡ್’ ಏನೆಂದು ನೋಡಿದರೆ, ಅದು ಷಡ್ಜ ಮತ್ತು ಪಂಚಮ. ತಂಬೂರಿಯಲ್ಲಿ ಮೀಟುವ ಅದೇ ಸ, ಅದೇ ಪ. ದನಿಯನ್ನು ಅಷ್ಟು ಒಡೆದ ಮೇಲೆ ನಡುವೆ ಗಾಂಧಾರ ಸೇರಿಸಿದರೆ ರಾಡಿಯಾಗುತ್ತದೆ, ಹಾಗಾಗಿ ಬಿಟ್ಟಿದ್ದಾರೆ.

ಜನ ಕೇಳುವುದಿಲ್ಲ, ಆದ್ದರಿಂದ ಹಾಕುವುದಿಲ್ಲ ಎಂಬುದು ರೇಡಿಯೊದವರ ಸಿದ್ಧ ಉತ್ತರ. ನಮ್ಮ ಆಕಾಶವಾಣಿ ಕೇಂದ್ರ 1966ರಲ್ಲಿ ಶುರುವಾಯಿತು. ಕಡಕೋಳ ಮಡಿವಾಳಪ್ಪನವರ ತತ್ವಪದ ಅಲ್ಲಿ ಕೇಳಿಬಂದದ್ದು ಜನಪ್ರಿಯತೆಯ ಪಟ್ಟಿ ನೋಡಿಯೇ? ಹಾಕಿದರು, ಕಿವಿ ಪಳಗಿತು. ಖಾಸಗಿ ಎಫ್‌ಎಂಗಳಲ್ಲಂತೂ ಚಿತ್ರಗೀತೆ ಬಿಟ್ಟರೆ ಲೋಕವೇ ಇಲ್ಲ. ಸಿನಿಮಾ ಹಾಡನ್ನು ಮಾರುತ್ತದೆ, ಹಾಡು ಸಿನಿಮಾವನ್ನು ಮಾರುತ್ತದೆ, ನಡುವೆ ಜಾಹೀರಾತು. ನಾಯಕನಟನಿಲ್ಲದ ಹಾಡಿಗೆ ಅಲ್ಲಿ ವಕೀಲರಿಲ್ಲ. ಆದರೆ 1991ರಲ್ಲಿ ಮೆಟಾಲಿಕಾ ಎಂಬ ಮೆಟಲ್ ತಂಡದ ಆಲ್ಬಮ್ಮಿನ ಹಾಡುಗಳನ್ನು ಅಮೆರಿಕದ ರೇಡಿಯೊಗಳು ಹಾಕಿದವು, ಆ ಒಂದು ದೇಶದಲ್ಲೇ ಅದರ ಒಂದೂವರೆ ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಕೇಳಿಸದೆ ರುಚಿಸುವುದಿಲ್ಲವೆಂದರೆ ಹೇಗೆ? ರಾತ್ರಿ ಹತ್ತರ ಮೇಲೆ ಹಾಕಲಿ, ಬೇಡವಾದವರು ಗುಂಡಿ ತಿರುಗಿಸಲಿ.

ವಿರೋಧ: ಅಳಿಯ

ಮಾವನ ಕೈಯಿಂದ ಇಷ್ಟು ಬರೆಸಿದೆನಲ್ಲ ಎಂದು ಒಳಗೊಳಗೇ ಹೆಮ್ಮೆ. ಆದರೂ ಆ ಒಂದು ಗಂಟೆ ನನಗೆ ಬೇಡ. ಮೆಟಲ್ ಕೇಳುವವನೇ ಹೀಗೆನ್ನುವುದು ವಿಚಿತ್ರ ಎಂದು ಅವ್ವ ಕೂಡ ಹೇಳಿದಳು.

ಮೊದಲು ಮಾವನ ಕಸುಬಿನ ಮಾತಿನಲ್ಲೇ ಉತ್ತರಿಸುತ್ತೇನೆ. ಗಿಟಾರಿನ ದಪ್ಪ ತಂತಿಯ ಸ್ವರ 82 ಹರ್ಟ್ಸ್, ಅಂದರೆ ಸೆಕೆಂಡಿಗೆ 82 ಕಂಪನ. ಅಯೊಮಿ 1971ರ ಆಲ್ಬಮ್ಮಿನಲ್ಲಿ ಇಳಿಸಿದಷ್ಟು ಇಳಿಸಿದರೆ ಅದು 69ಕ್ಕೆ ಬರುತ್ತದೆ. ಮೊಬೈಲಿನ ಅಥವಾ ಆಟೊದ ಅಂಗೈಯಗಲದ ಸ್ಪೀಕರಿಗೆ ಆ ಆಳ ದಕ್ಕುವುದಿಲ್ಲ. ಎದೆಗೆ ಬಡಿಯಬೇಕಾದದ್ದೆಲ್ಲ ಸೋರಿಹೋಗಿ ಮೇಲಿನ ಕರಕರ ಮಾತ್ರ ಉಳಿಯುತ್ತದೆ. ಸಾಲದ್ದಕ್ಕೆ, ಎಲ್ಲ ಹಾಡೂ ಒಂದೇ ಎತ್ತರಕ್ಕೆ ಕೇಳಲೆಂದು ಎಫ್‌ಎಂ ಕೇಂದ್ರಗಳು ದನಿಯ ಏರಿಳಿತವನ್ನು ಯಂತ್ರಕ್ಕೆ ಹಾಕಿ ಒತ್ತುತ್ತವೆ. ಮೊದಲೇ ಒತ್ತೊತ್ತಾಗಿರುವ ಈ ಸಂಗೀತ ಆಗ ಸಿಮೆಂಟಿನ ಹಲಗೆಯಂತಾಗುತ್ತದೆ. ಚಿತ್ರಗೀತೆಯಲ್ಲಿ ಗಾಯಕನ ದನಿ ಮುಂದೆ, ವಾದ್ಯಗಳು ಹಿಂದೆ. ಆಟೊದ ಇಂಜಿನ್ ಎಷ್ಟೇ ಗದ್ದಲ ಮಾಡಿದರೂ ಪಲ್ಲವಿ ಕಿವಿಗೆ ಸಿಗುತ್ತದೆ. ಕೂದಲು ಕತ್ತರಿಸಿಕೊಳ್ಳುತ್ತ, ರೊಟ್ಟಿ ಬಡಿಯುತ್ತ ಕೇಳುವ ಸಾಧನ ರೇಡಿಯೊ. ಮೆಟಲ್ ಪಕ್ಕದಲ್ಲಿ ಕೂಡುವ ಸಂಗೀತವಲ್ಲ. ಹಾಗೆ ಕೇಳಿದವರು ಮಾವನಂತೆ ತಂತಿ ಕೀಳುತ್ತಾರೆ, ಮಾವನಂತೆ ಮರಳಿ ಬರುವುದಿಲ್ಲ.

ಎರಡನೆಯದು ಉದ್ದ. ಮೆಟಾಲಿಕಾದ 1986ರ ಆಲ್ಬಮ್ಮಿನ ಶೀರ್ಷಿಕೆ ಹಾಡು ಎಂಟೂವರೆ ನಿಮಿಷದ್ದು. ಅಷ್ಟರಲ್ಲಿ ಸೀರೆ ಅಂಗಡಿ, ಕೋಚಿಂಗ್ ಸೆಂಟರ್, ಗುಟ್ಕಾ ಅಲ್ಲವೆಂದು ಹೇಳಿಕೊಳ್ಳುವ ಗುಟ್ಕಾ, ಎಲ್ಲದರ ಜಾಹೀರಾತು ಮುಗಿಯುತ್ತದೆ. ಹಾಗಾಗಿ ಒಂದು ಗಂಟೆ ಕೊಟ್ಟರೂ ಅವರು ಹಾಕುವುದು ಮೆತ್ತಗಿನ ನಾಲ್ಕೈದು ಹಾಡುಗಳನ್ನೇ, ಪ್ರತಿ ವಾರವೂ. ಮಾವ ಹೇಳಿದ 1991ರ ಆಲ್ಬಂ ಅದಕ್ಕೇ ಸಾಕ್ಷಿ: ಅಲ್ಲಿ ಹಾಡುಗಳು ಚಿಕ್ಕವಾದವು, ವೇಗ ತಗ್ಗಿತು, ಆಮೇಲೆ ರೇಡಿಯೊ ಬಾಗಿಲು ತೆರೆಯಿತು. ಹಳೆಯ ಅಭಿಮಾನಿಗಳ ಮುನಿಸು ಇನ್ನೂ ಆರಿಲ್ಲ. ನಾನು ಆ ಮುನಿಸಿನವರ ಕಡೆಯವನಲ್ಲ, ಅದು ಒಳ್ಳೆಯ ಆಲ್ಬಮ್ಮೇ. ಆದರೆ ಅದಕ್ಕಿಂತ ಐದು ವರ್ಷ ಮೊದಲು, ರೇಡಿಯೊ ತಿರುಗಿ ನೋಡದಿದ್ದಾಗ, ವಿಡಿಯೊ ಕೂಡ ಇಲ್ಲದೆ ಅಮೆರಿಕದಲ್ಲಿ ಅದೇ ವರ್ಷ 5 ಲಕ್ಷ ಪ್ರತಿ ದಾಟಿದ ಆಲ್ಬಂ ಅವರದೇ. 1982ರಲ್ಲಿ ಅವರ ಮೊದಲ ಹಾಡುಗಳು ಊರೂರು ಸುತ್ತಿದ್ದು ಕೈಯಿಂದ ಕೈಗೆ ನಕಲಾದ ಕ್ಯಾಸೆಟ್ಟಿನಲ್ಲಿ. ಮುಖ್ಯವಾಹಿನಿ ಮೆಟಲ್‌ಗೆ ಮನ್ನಣೆ ಕೊಡಲು ಹೊರಟಾಗ ಏನಾಯಿತೆಂಬುದೂ ಗೊತ್ತಿರಲಿ. ಅಮೆರಿಕದ ಸಂಗೀತ ಪ್ರಶಸ್ತಿಯಾದ ಗ್ರ್ಯಾಮಿಯವರು 1989ರಲ್ಲಿ ಮೊದಲ ಬಾರಿ ಹಾರ್ಡ್ ರಾಕ್-ಮೆಟಲ್ ಪ್ರಶಸ್ತಿ ಇಟ್ಟರು. ಕೊಟ್ಟದ್ದು ಕೊಳಲಿಗೆ ಹೆಸರಾದ ಜೆಥ್ರೊ ಟಲ್ ತಂಡಕ್ಕೆ!

ನನಗೆ ಈ ಸಂಗೀತ ಸಿಕ್ಕಿದ್ದು ಸೂಪರ್ ಮಾರ್ಕೆಟ್ಟಿನ ಮೊಬೈಲ್ ಅಂಗಡಿಯಲ್ಲಿ, ಇಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡ್ ತುಂಬಿಸುವಾಗ. ಅಂಗಡಿಯವನು ತಪ್ಪಿ ಒಂದು ಫೋಲ್ಡರ್ ಹೆಚ್ಚಿಗೆ ಹಾಕಿದ್ದ. ಅದರ ಬೆನ್ನು ಹತ್ತಿ, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ, ಹಿಂದಿನ ಸಂಜೆಯ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ನಿಂತು ಹೋದೆ. ಮನೆಯಲ್ಲಿ ಪರೀಕ್ಷೆ ಎಂದು ಹೇಳಿದ್ದೆ. (ಮಾವ, ಇದನ್ನು ಅವ್ವನಿಗೆ ಓದಿ ಹೇಳಬೇಡಿ.) ಅಷ್ಟು ಜನ ಒಟ್ಟಿಗೆ ಹಾಡಿದ ಸಾಲುಗಳನ್ನು ನಾನು ರೇಡಿಯೊದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅಕ್ಕಪಕ್ಕದವರೂ ಹುಡುಕಿಕೊಂಡೇ ಬಂದವರೆಂದು ಅವರ ಮಾತಿನಲ್ಲೇ ತಿಳಿಯುತ್ತಿತ್ತು.

ಮಾವನ ಒಂದು ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ನಾವು ನಾಲ್ವರು ಸೇರಿ ಒಮ್ಮೆ ಕನ್ನಡದಲ್ಲೇ ಮೆಟಲ್ ಹಾಡು ಕಟ್ಟಲು ಹೊರಟಿದ್ದೆವು. ‘ಡೆತ್’, ‘ಬ್ಲಡ್’ ಎನ್ನುವಾಗ ಶಬ್ದ ಡ್ರಮ್ಮಿನ ಜತೆಗೇ ಕಡಿದುಬೀಳುತ್ತದೆ. ನಮ್ಮ ಪದಗಳು ಸ್ವರದಲ್ಲಿ ಮುಗಿಯುತ್ತವೆ. ‘ರಕ್ತ’, ‘ಸಾವು’ ಎಂದರೆ ಕೊನೆಗೆ ಒಂದು ಎಳೆ ಜೋತುಬಿದ್ದು ಸಾಲು ಮೆತ್ತಗಾಗುತ್ತದೆ. ಕನ್ನಡಕ್ಕೆ ಇದು ಒಗ್ಗದು ಎಂದು ಕೈಬಿಟ್ಟೆವು. ಒಡಪಿನ ‘ರುದ್ರಾ’ ನೆನಪಿಸಿದ ಮೇಲೆ, ಆ ಎಳೆಯನ್ನು ಎಳೆದೇ ಗರ್ಜಿಸಬೇಕಿತ್ತು ಎಂದು ಹೊಳೆಯುತ್ತಿದೆ. ಆದರೆ ಈಗ ತಂಡವಿಲ್ಲ. ರಿಂಗ್ ರಸ್ತೆಯ ಬಾಡಿಗೆ ಕೋಣೆಯಲ್ಲಿ ಮೇ ತಿಂಗಳ ಬಿಸಿಲಿಗೆ ಕಿಟಕಿ ತೆರೆದರೆ ನೆರೆಯವರು ಬರುತ್ತಿದ್ದರು, ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ಡ್ರಮ್ ಬಾರಿಸುವವನು ಕೆಲಸ ಸಿಕ್ಕಿ ಹೈದರಾಬಾದಿಗೆ ಹೋದ. ನಾವು ನಿಂತದ್ದು ರೇಡಿಯೊ ಹಾಕಲಿಲ್ಲವೆಂದಲ್ಲ, ಬಾರಿಸಲು ಜಾಗವಿಲ್ಲದೆ.

ಮಾವನ ಅಂಗಡಿಯ ಹಿಂದೆ ಒಂದು ಗೋದಾಮಿದೆ. ಶಹಾಬಾದ್ ಕಲ್ಲಿನ ದಪ್ಪ ಗೋಡೆ, ಸುತ್ತ ಮನೆಗಳಿಲ್ಲ, ಒಳಗೆ ಯಾರೂ ಬಾಡಿಗೆಗೆ ಕೇಳದ ಹಳೆಯ ಸ್ಪೀಕರುಗಳು. ಮಾವ ರೇಡಿಯೊದವರನ್ನು ಕೇಳುತ್ತಿರುವ ಆ ಒಂದು ಗಂಟೆಯ ಬದಲಿಗೆ, ವಾರಕ್ಕೊಂದು ಸಂಜೆ ಅದರ ಬೀಗದ ಕೈಯನ್ನು ನನಗೆ ಕೊಡಲಿ. ಸ್ಪೀಕರ್ ಸುಟ್ಟರೆ ದುಡ್ಡು ನಾನೇ ಕೊಡುತ್ತೇನೆ.