ಕೋಡಿನ ಕವಲು ಎಣಿಸಿ ಜಿಂಕಿ ವಯಸ್ಸು ಹೇಳೂ ಮೆಸೇಜು ತಪ್ಪು ಅದ

ನಮ್ಮ ಕಲಬುರಗಿ ಗ್ರೂಪ್‌ನಾಗ ಚುಕ್ಕಿ ಜಿಂಕಿ ಫೋಟೋ ಒಂದು ತಿರಗಲಾಕತ್ತದ, ಕೋಡಿಗೆ ಎಷ್ಟು ಕವಲು ಅದಾವೋ ಅಷ್ಟೇ ವರ್ಷ ವಯಸ್ಸು ಅಂತ. ನಾನೂ ನಂಬಿ ಫಾರ್ವರ್ಡ್ ಮಾಡೀನ್ರಿ, ಅದು ತಪ್ಪು.

ಜಿಂಕಿ ಕೋಡು ಉದುರಿ ಮತ್ತ ಹೊಸಾದು ಬೆಳೀತದ, ಹೆಂಗ ಬೆಳೀತದ ಅನ್ನೂದು ಮೇವಿನ ಮ್ಯಾಲೂ ಅದ. ಬಲತ ಚುಕ್ಕಿ ಜಿಂಕಿಗೆ ಸಾಮಾನ್ಯ ಒಂದೊಂದು ಕೋಡಿಗೆ ಮೂರು ಕವಲು, ಎರಡೂ ಸೇರಿ ಆರು, ಆ ಲೆಕ್ಕ ಹಿಡದ್ರ ಕಾಡಿನಾಗಿನ ದೊಡ್ಡ ಗಂಡು ಜಿಂಕಿ ಎಲ್ಲಾ ಆರು ವರ್ಷದವೇ ಆಗಬೇಕು! ಹೆಣ್ಣಿಗಂತೂ ಕೋಡೇ ಇಲ್ಲ, ಅದರದ್ದು ಹೆಂಗ ಎಣಿಸ್ತೀರಿ?

ತಿಳದವರು ನೋಡೂದು ಹಲ್ಲು. ಸತ್ತ ಜಿಂಕಿದು ಕೆಳದವಡಿ ತಗೊಂಡು ಹಾಲಹಲ್ಲು ಬಿದ್ದು ಯಾವ ಹಲ್ಲು ಬಂದಾವ, ದವಡಿ ಹಲ್ಲು ಎಷ್ಟು ಸವದಾವ ನೋಡ್ತಾರ, ಇನ್ನೂ ಪಕ್ಕಾ ಬೇಕಂದ್ರ ಹಲ್ಲಿನ ಬೇರು ತೆಳ್ಳಗ ಕೊಯ್ದು ಸಿಮೆಂಟಮ್ ಅನ್ನೂ ಬೇರಿನ ಗಟ್ಟಿ ಹೊದಿಕಿಯ ಪದರ ಮೈಕ್ರೋಸ್ಕೋಪಿನಾಗ ಎಣಿಸ್ತಾರ, ಮರದ ಉಂಗುರ ಎಣಿಸಿದಂಗ. ಜೀವಂತ ಜಿಂಕಿ ದೂರದಿಂದ ನೋಡಿದ್ರ ಮರಿ, ಹರೇದ್ದು, ಬಲತದ್ದು ಅಂತ ಅಂದಾಜು ಅಷ್ಟೇ.

ಬೀದರ ಕಡೆ ಹೊಲದಾಗ ಕಾಣೂ ಕೃಷ್ಣಮೃಗ ಈ ಜಾತಿನೇ ಅಲ್ಲ, ಅದರ ಕೊಂಬು ಉದುರೂದೂ ಇಲ್ಲ, ಕವಲೊಡೆಯೂದೂ ಇಲ್ಲ.

ಆ ಮೆಸೇಜ್ ಮುಂದ ಕಳಸಬ್ಯಾಡ್ರಿ, ಕಳಿಸಿದ್ರ ಡಿಲೀಟ್ ಮಾಡ್ರಿ.