ಹತ್ತು ಗೆರೆಗಳಲ್ಲಿ ನಾನು

ಕಳೆದ ಶನಿವಾರ ನಮ್ಮ ಕಾಲೇಜಿನಲ್ಲಿ ವ್ಯಕ್ತಿತ್ವ ವಿಕಸನ ಶಿಬಿರವಿತ್ತು. ಶನಿವಾರ ವಿಕಸನಗೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಆದರೆ ಹಾಜರಾತಿ ಇತ್ತು. ಬಂದ ತರಬೇತುದಾರರು ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಮೇಲೆ 'ನಾನು ಯಾರು?' ಎಂಬ ಪ್ರಶ್ನೆ, ಕೆಳಗೆ ಹತ್ತು ಗೆರೆ. ಹತ್ತು ನಿಮಿಷ ಸಮಯ. ಉಪನಿಷತ್ತಿನ ಋಷಿಗಳಿಗೂ ಇಷ್ಟು ಅವಸರವಿರಲಿಲ್ಲ.

ನಾನು ಬರೆದದ್ದು ಒಂದೇ ಗೆರೆ: ನಾನು ಹದಿನೇಳು ವರ್ಷದವನು. ಬರುವ ಫೆಬ್ರವರಿಯಲ್ಲಿ ಅದೂ ಸುಳ್ಳಾಗುತ್ತದೆ. ಪಕ್ಕದವನು ಹತ್ತೂ ಗೆರೆ ತುಂಬಿಸಿ, ಜಾಗ ಸಾಲದೆ ಹಾಳೆ ತಿರುಗಿಸಿದ್ದ. ಅವನಿಗೆ ಅವನ ಬಗ್ಗೆ ಅಷ್ಟು ಗೊತ್ತಿದೆಯೆಂದು ಎರಡು ವರ್ಷ ಒಂದೇ ಬೆಂಚಿನಲ್ಲಿ ಕುಳಿತ ನನಗೆ ಗೊತ್ತಿರಲಿಲ್ಲ. ಮುಗಿಸದವರು ಮನೆಗೆ ಒಯ್ದು ಸೋಮವಾರ ತರಬೇಕೆಂದು ಅಪ್ಪಣೆಯಾಯಿತು.

ಊಟದ ಮೇಲೆ ಇನ್ನೊಂದು ಹಾಳೆ ಬಂತು. ಇದರಲ್ಲಿ ಬರೆಯುವುದಿಲ್ಲ, ಗುರುತು ಹಾಕುವುದಷ್ಟೆ. 'ಸಮಾರಂಭಕ್ಕೆ ಹೋದರೆ ನೀವು ಒಂದು ಮೂಲೆಯಲ್ಲಿ ಕುಳಿತುಕೊಳ್ಳುತ್ತೀರಾ, ನಾಲ್ಕು ಜನರ ನಡುವೆ ಇರುತ್ತೀರಾ?' ಇದನ್ನು ಬರೆದವರು ಉಡುಪಿಯ ಮದುವೆಗೆ ಹೋದಂತಿಲ್ಲ. ಇಲ್ಲಿ ಪಂಕ್ತಿಯಲ್ಲಿ ಜಾಗ ಸಿಕ್ಕಲ್ಲಿ ಕುಳಿತುಕೊಳ್ಳುವುದು. ಸಿಗದಿದ್ದರೆ ಪಾಯಸಕ್ಕೆ ಬಂದವರ ಬೆನ್ನ ಹಿಂದೆ ಹೋಗಿ ನಿಲ್ಲುವುದು. ಇದರಲ್ಲಿ ವ್ಯಕ್ತಿತ್ವದ ಪಾತ್ರವೇನೂ ಇಲ್ಲ.

ಉತ್ತರಗಳನ್ನು ಕೂಡಿಸಿದರೆ ನಾಲ್ಕು ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಜಗತ್ತಿನ ಮನುಷ್ಯರೆಲ್ಲ ಹದಿನಾರೇ ಬಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಮೈಯರ್ಸ್ ಸೇರಿ, ಮನಃಶಾಸ್ತ್ರಜ್ಞ ಯೂಂಗ್‌ನ ವಿಚಾರಗಳನ್ನು ಆಧಾರವಾಗಿಟ್ಟುಕೊಂಡು ಕಟ್ಟಿದ ಪದ್ಧತಿ ಇದು. ತಾಯಿ, ಮಗಳು ಇಬ್ಬರೂ ಮನಃಶಾಸ್ತ್ರವನ್ನು ಕ್ರಮವಾಗಿ ಕಲಿತವರಲ್ಲ. ಅದಕ್ಕಾಗಿ ನಾನು ದೂರುವುದಿಲ್ಲ. ನಾನೂ ನನ್ನ ಕೆಲಸವನ್ನು ಯಾರ ಬಳಿಯೂ ಕಲಿತವನಲ್ಲ. ನನ್ನ ದೂರು ಬೇರೆ. ಆರನೆಯ ಪ್ರಶ್ನೆ ಮುಗಿಯುವಾಗಲೇ ಯಾವ ಗುರುತು ಯಾವ ಅಕ್ಷರಕ್ಕೆ ಹೋಗುತ್ತದೆಂದು ತಿಳಿದುಹೋಯಿತು. ಪ್ರಾಮಾಣಿಕವಾಗಿ ಹಾಕಿದರೆ ನಾನು 'ಅಂತರ್ಮುಖಿ, ಒಂಟಿಯಾಗಿ ಚಿಂತಿಸುವವನು'. ಇನ್ನೊಂದು ಹಾಳೆ ಕೇಳಿ ತೆಗೆದುಕೊಂಡು ಉಲ್ಟಾ ಗುರುತು ಹಾಕಿದೆ. 'ಹುಟ್ಟು ನಾಯಕ' ಎಂದು ಬಂತು. ತರಬೇತುದಾರರು ಎಲ್ಲರೆದುರು ನನ್ನನ್ನು ಎಬ್ಬಿಸಿ ಚಪ್ಪಾಳೆ ಹೊಡೆಸಿದರು. ದೋಷವನ್ನು ಅವರಿಗೆ ವರದಿ ಮಾಡಲಿಲ್ಲ. ಮಾಡುವವನೇ ಇದ್ದೆ, ಆದರೆ ಚಪ್ಪಾಳೆ ಚೆನ್ನಾಗಿತ್ತು.

ವರದಿ ಮಾಡುವುದು ನನ್ನ ಕೆಲಸ. ಜಾಲತಾಣಗಳಲ್ಲಿ, ಆ್ಯಪ್‌ಗಳಲ್ಲಿ ಬೀಗ ಸರಿಯಾಗಿ ಬೀಳದ ಬಾಗಿಲುಗಳನ್ನು ಹುಡುಕಿ ಮನೆಯವರಿಗೆ ತಿಳಿಸುವುದು. ಇದಕ್ಕೆ 'ಭದ್ರತಾ ಸಂಶೋಧಕ' ಎಂದು ಹೆಸರು. ಮೀಸೆ ಸರಿಯಾಗಿ ಮೂಡದವನು ಹಾಗೆಂದುಕೊಂಡರೆ ಅಮ್ಮನಿಗೇ ನಗು ಬರುತ್ತದೆ. ಅಜ್ಜಿ ಯಾರಾದರೂ ಕೇಳಿದರೆ 'ಅವನು ಬೇರೆಯವರ ಕೊರತೆ ಹುಡುಕುತ್ತಾನೆ, ಅದಕ್ಕೆ ದುಡ್ಡೂ ಕೊಡುತ್ತಾರೆ' ಎನ್ನುತ್ತಾರೆ. ಆ ಕೆಲಸವನ್ನು ತಾವು ಐವತ್ತು ವರ್ಷ ಬಿಟ್ಟಿಯಾಗಿ ಮಾಡಿದ್ದಕ್ಕೆ ಅವರಿಗೆ ಸ್ವಲ್ಪ ಬೇಸರವಿದೆ. ನೆರೆಕರೆಯವರಿಗೆ ನಾನು ಹ್ಯಾಕರ್. ಹ್ಯಾಕರ್ ಎಂದರೆ ಮರೆತ ಪ್ಯಾಟರ್ನ್ ತೆಗೆದುಕೊಡುವವನು, ಪ್ರಿಂಟರ್ ಸರಿಮಾಡುವವನು. ಒಬ್ಬರಂತೂ ಮಗಳ ವಾಟ್ಸಾಪ್ ಓದಿಕೊಡಬೇಕೆಂದು ಬಂದಿದ್ದರು. ಆಗುವುದಿಲ್ಲ ಎಂದೆ. 'ಬರುವುದಿಲ್ಲವೇ?' ಎಂದು ಮರುಕದಿಂದ ಕೇಳಿದರು. ಮಾಡುವುದಿಲ್ಲ ಎಂದರೆ ಬರುವುದಿಲ್ಲ ಎಂದೇ ಅರ್ಥಮಾಡಿಕೊಳ್ಳುವ ಈ ಜನರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಇದರಲ್ಲಿ ತಮಾಷೆ ಇಲ್ಲ.

ಇಂಟರ್‌ನೆಟ್ಟಿನಲ್ಲಿ ನನ್ನ ಹೆಸರು ಬೂತಾಯಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಮಧ್ಯಾಹ್ನದ ಹಸಿವಿನ ಹೊತ್ತಿಗೆ ಖಾತೆ ತೆರೆದದ್ದರ ಫಲ. ಅಡುಗೆಮನೆಯಲ್ಲಿ ಬೂತಾಯಿ ಮೀನು ಕಾವಲಿಯ ಮೇಲಿತ್ತು, ಹೆಸರಿನ ಜಾಗ ಖಾಲಿ ಇತ್ತು. ಬದಲಿಸೋಣವೆಂದರೆ ಅಷ್ಟರಲ್ಲಿ ಒಂದೆರಡು ಕಂಪನಿಗಳ ಕೃತಜ್ಞತಾ ಪಟ್ಟಿಯಲ್ಲಿ ಅದು ಸೇರಿಹೋಗಿತ್ತು. 'ಪ್ರಿಯ ಬೂತಾಯಿ, ನಿಮ್ಮ ವರದಿಯನ್ನು ನಮ್ಮ ತಂಡ ಗಂಭೀರವಾಗಿ ಪರಿಗಣಿಸಿದೆ' ಎಂದು ಸಮುದ್ರದಾಚೆಯಿಂದ ಕಾಗದ ಬರುತ್ತದೆ. ಬೂತಾಯಿಯನ್ನು ಇಷ್ಟು ಗಂಭೀರವಾಗಿ ಮಲ್ಪೆಯಲ್ಲಿಯೂ ಯಾರೂ ಪರಿಗಣಿಸುವುದಿಲ್ಲ.

ದೋಷ ಹುಡುಕಿದವರಿಗೆ ಬಹುಮಾನ ಕೊಡುವ ಪದ್ಧತಿಯನ್ನು ನೆಟ್‌ಸ್ಕೇಪ್ ಕಂಪನಿ 1995ರಲ್ಲಿ ಶುರುಮಾಡಿತು. ಆಗ ಅಪ್ಪ ನನ್ನಂತೆಯೇ ಪಿಯುಸಿಯಲ್ಲಿದ್ದರು. ಅವರಿಗೆ ಯಾರೂ ಹೇಳಲಿಲ್ಲ. ನನಗೆ ಮೊದಲ ಬಹುಮಾನ ಬಂದಾಗ ಹಣ ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆ ಎದ್ದು, ಅಪ್ಪ ನನ್ನನ್ನು ಪರಿಚಯದ ಆಡಿಟರ ಬಳಿ ಕರೆದುಕೊಂಡು ಹೋದರು. ಅಪ್ರಾಪ್ತ ಮಕ್ಕಳ ಆದಾಯವನ್ನು ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರಿಸಬೇಕು. ಆದರೆ ಮಗು ಸ್ವಂತ ದುಡಿಮೆಯಿಂದ ಅಥವಾ ತನ್ನದೇ ಕೌಶಲ, ಪ್ರತಿಭೆ, ವಿಶೇಷ ಜ್ಞಾನದಿಂದ ಗಳಿಸಿದ್ದಾದರೆ ಸೇರಿಸುವಂತಿಲ್ಲ ಎಂದು 1961ರ ಆದಾಯ ತೆರಿಗೆ ಕಾಯಿದೆಯ 64(1ಎ) ಕಲಮನ್ನು ಅವರು ಓದಿಹೇಳಿದರು. ನಾನೊಬ್ಬ ಬೇರೆ ವ್ಯಕ್ತಿ ಎಂದು ಅಧಿಕೃತವಾಗಿ ಮೊದಲು ಒಪ್ಪಿಕೊಂಡದ್ದು ತೆರಿಗೆ ಇಲಾಖೆ. ಇದನ್ನು ಎರಡನೆಯ ಗೆರೆಯಲ್ಲಿ ಬರೆಯೋಣವೆಂದುಕೊಂಡೆ, ತರಬೇತುದಾರರಿಗೆ ಹಿಡಿಸಲಾರದೆಂದು ಬಿಟ್ಟೆ.

ಈಗ ಒಂದು ಸೊಸೈಟಿಯ ಕಥೆ ಹೇಳಬೇಕು. ನಾನು ಯಾರು ಎಂಬುದಕ್ಕೂ ಇದಕ್ಕೂ ಸಂಬಂಧವಿದೆ; ಏನೆಂದು ಕೊನೆಯಲ್ಲಿ ಹೇಳುತ್ತೇನೆ.

ಜುಲೈಯ ಒಂದು ಮಳೆಯ ಸಂಜೆ ಅಜ್ಜಿ ತಮ್ಮ ಠೇವಣಿಗೆ ಬಡ್ಡಿ ಬಿದ್ದಿದೆಯೇ ನೋಡು ಎಂದರು. ಅವರ ಖಾತೆ ಇರುವುದು ನಮ್ಮೂರಿನ ಒಂದು ಸಹಕಾರಿ ಸೊಸೈಟಿಯಲ್ಲಿ. ಸೊಸೈಟಿಗೆ ಹೊಸತಾಗಿ ಜಾಲತಾಣ ಬಂದಿತ್ತು. ಅಜ್ಜಿಯ ಪಾಸ್‌ಪುಸ್ತಕ ತೆರೆಯಿತು. ಬ್ರೌಸರಿನ ಮೇಲ್ಗಡೆ ಜಾಲತಾಣದ ವಿಳಾಸ ಕಾಣುವ ಸಾಲಿನಲ್ಲಿ ಅವರ ಸದಸ್ಯ ಸಂಖ್ಯೆ ಹಾಗೆಯೇ ಕುಳಿತಿತ್ತು. ಹೀಗೆ ಕಂಡರೆ ನನ್ನಂಥವರ ಬೆರಳು ತುರಿಸುತ್ತದೆ. ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ: ಪರೀಕ್ಷೆ ಮಾಡುವುದಾದರೆ ಅಪರಿಚಿತರ ಖಾತೆ ಮುಟ್ಟಬಾರದು, ನಿನ್ನದೇ ಎರಡು ಖಾತೆ ಇಟ್ಟುಕೊಂಡು ಒಂದರಿಂದ ಇನ್ನೊಂದು ತೆರೆಯುತ್ತದೆಯೇ ನೋಡು. ನನಗೆ ಅಲ್ಲಿ ಖಾತೆಯಿಲ್ಲ. ಅಪ್ಪನಿಗಿದೆ, ಸದಸ್ಯ ಸಂಖ್ಯೆ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿತ್ತು. ಹಾಕಿದೆ. ಅಜ್ಜಿಯ ಖಾತೆಯೊಳಗಿಂದ ಅಪ್ಪನ ಪುಟ ಸಲೀಸಾಗಿ ತೆರೆದುಕೊಂಡಿತು.

ಚಿನ್ನಾಭರಣ ಸಾಲ. ಉಂಗುರ ಒಂದು, ತೂಕ ಆರು ಗ್ರಾಂ. ದಿನಾಂಕ ಜೂನ್ 10.

ಬೆರಳಿಗೆ ಬಿಗಿಯಾಗುತ್ತದೆಂದು ಮದುವೆಯ ಉಂಗುರವನ್ನು ಕಪಾಟಿನಲ್ಲಿಟ್ಟಿದ್ದೇನೆ ಎಂದು ಅಪ್ಪ ಅಮ್ಮನಿಗೆ ಹೇಳಿದ್ದು ಆ ತಿಂಗಳಲ್ಲೇ. ಅಪ್ಪ ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುತ್ತಾರೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿಲ್ಲದೆ ಐಸ್ ಯಾರಿಗೆ ಬೇಕು? ನಾನು ಪುಟ ಮುಚ್ಚಿದೆ. ಬಡ್ಡಿ ಬಿದ್ದಿದೆ ಎಂದು ಅಜ್ಜಿಗೆ ಹೇಳಿದೆ. ಸಾಲ ಯಾಕೆಂದು ಅಪ್ಪನನ್ನು ಕೇಳಲಿಲ್ಲ. ದೋಷ ಹುಡುಕುವವರಿಗೆ ಕಂಪನಿಗಳು 'ಇಷ್ಟನ್ನು ಮಾತ್ರ ನೋಡಬಹುದು' ಎಂದು ಗಡಿ ಹಾಕಿಕೊಡುತ್ತವೆ. ಇದು ಗಡಿಯ ಆಚೆಯದು. ಆದರೂ ಮನಸ್ಸಿನಲ್ಲೇ ಅಪ್ಪನಿಗೆ ತೊಂಬತ್ತು ದಿನ ಕೊಟ್ಟೆ. ದೋಷ ತಿಳಿಸಿದ ಮೇಲೆ ಸರಿಪಡಿಸಲು ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಕೊಡುವ ಅವಧಿ ಅಷ್ಟು. ಅಪ್ಪನಿಗೆ ನಾನು ತಿಳಿಸಿರಲಿಲ್ಲ ಎಂಬುದು ಬೇರೆ ಮಾತು.

ಸೊಸೈಟಿಗೆ ಇಮೇಲ್ ಮಾಡಿದೆ, ವಿಳಾಸವೇ ಇಲ್ಲವೆಂದು ತಿರುಗಿ ಬಂತು. ದೆಹಲಿಯ ಸರ್ಟ್-ಇನ್‌ಗೆ ಬರೆಯಬಹುದಿತ್ತು. ಇಂತಹ ವರದಿಗಳನ್ನೂ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಅದು. ಆದರೆ ಸೊಸೈಟಿ ಇರುವುದು ಮನೆಯಿಂದ ಎರಡು ಬಸ್ ಸ್ಟಾಪ್ ಆಚೆ. ಹೊರಡುವ ಮೊದಲು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೇ ಕಲಮನ್ನು ಓದಿದೆ, ಓದಬಾರದಿತ್ತು. ದುರುದ್ದೇಶದಿಂದ ಬೇರೆಯವರ ಕಂಪ್ಯೂಟರಿಗೆ ನುಗ್ಗಿದರೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ನನ್ನದು ಸದುದ್ದೇಶ ಎಂಬುದಕ್ಕೆ ಸಾಕ್ಷಿ ನಾನೊಬ್ಬನೇ. ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಮೂರು ಪುಟದ ವರದಿ ಮುದ್ರಿಸಿಕೊಂಡು ಹೋದೆ.

ಮ್ಯಾನೇಜರು ವರದಿಯನ್ನು ಕೈಗೆ ತೆಗೆದುಕೊಂಡರು, ಓದಲಿಲ್ಲ. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ತುಳುವಿನಲ್ಲಿ ಕೇಳಿದರು: 'ಈ ಏರೆನ ಮಗೆ?'

ಯಾರ ಮಗ ನೀನು. ಅಪ್ಪನ ಹೆಸರು ಹೇಳಿದೆ. ಯಾವ ಮನೆ? ಹೇಳಿದೆ. ತಾಯಿಯ ಕಡೆ? ಕಾಪುವಿನ ಹತ್ತಿರ ಎಂದೆ. ಕಾಪುವಿನಲ್ಲಿ ಎಲ್ಲಿ, ಕಂಬಳದ ಗದ್ದೆಯ ಮನೆಯೇ, ಅದರ ಆಚೆಯದೇ? ಆಚೆಯದು. ಹಾಗಾದರೆ ನಿನ್ನ ಬರಿ ಇಂತಹದು ಎಂದು ಅವರೇ ಹೇಳಿದರು. ಬರಿ ಎಂದರೆ ತುಳುವಿನಲ್ಲಿ ಕುಲ, ನಮ್ಮಲ್ಲಿ ಅದು ತಾಯಿಯಿಂದ ಬರುವುದರಿಂದ ಮನೆ ಸಿಕ್ಕಿದರೆ ಬರಿ ಸಿಕ್ಕಿದಂತೆ. ಪ್ರಾಥಮಿಕ ಶಾಲೆ ಎಲ್ಲಿ ಓದಿದ್ದು? ಮೇಷ್ಟ್ರು ಯಾರು? ಅವರ ಮನೆಯ ಬಾವಿಗೆ ಬಿದ್ದ ನಾಯಿ ನಿಮ್ಮದೇ ಅಲ್ಲವೇ, ಅದರ ಹೆಸರು ಏನು? ಟೈಗರ್ ಎಂದೆ. ಚಹಾ ಬಂತು. ಚಹಾದ ಜೊತೆ ಗೋಳಿಬಜೆ ಬಂತು. ಎರಡನೆಯ ಗೋಳಿಬಜೆ ಬಾಯಲ್ಲಿದ್ದಾಗ ನನಗೆ ಹೊಳೆಯಿತು: ಪಾಸ್‌ವರ್ಡ್ ಮರೆತರೆ ಜಗತ್ತಿನ ಎಷ್ಟೋ ತಾಣಗಳು ಗುರುತು ಹಿಡಿಯಲು ಕೇಳುವ ಗುಟ್ಟಿನ ಪ್ರಶ್ನೆಗಳಿವೆಯಲ್ಲ, ತಾಯಿಯ ಮನೆತನ, ಮೊದಲ ಶಾಲೆ, ಸಾಕಿದ ಪ್ರಾಣಿಯ ಹೆಸರು, ಮೂರಕ್ಕೂ ನಾನು ಏಳು ನಿಮಿಷದಲ್ಲಿ ಉತ್ತರ ಕೊಟ್ಟಾಗಿತ್ತು. ಹೊರಗಿನವರು ಗುಟ್ಟು ಎಂದುಕೊಂಡಿರುವುದು ನಮ್ಮಲ್ಲಿ ಕ್ಷೇಮಸಮಾಚಾರ. ಕೌಂಟರಿನಲ್ಲಿ ಕಂತು ಕಟ್ಟಲು ನಿಂತಿದ್ದ ಹೆಂಗಸೊಬ್ಬರು ನಾಯಿಯ ಸಾವಿನ ವಿವರದಲ್ಲಿ ನನ್ನನ್ನು ತಿದ್ದಿದರು ಕೂಡ.

ಕೊನೆಗೆ ವಿಷಯಕ್ಕೆ ಬಂದೆ. ಸಂಖ್ಯೆ ಬದಲಿಸಿದರೆ ಬೇರೆಯವರ ಪುಟ ತೆರೆಯುತ್ತದೆ ಎಂದೆ. 'ಕಿಂಡಿ ಇದೆ ಎನ್ನು' ಎಂದರು. ಹೌದು. 'ಉಡುಪಿಯವರಿಗೆ ಕಿಂಡಿ ಹೊಸತೇ ಮಾರಾಯ? ಗೋಡೆ ಬಿರುಕು ಬಿಟ್ಟದ್ದಕ್ಕೆ ಅಲ್ಲವೇ ಕನಕದಾಸರಿಗೆ ಕೃಷ್ಣ ಕಂಡದ್ದು?' ಇದಕ್ಕೆ ನನ್ನ ಮೂರು ಪುಟದಲ್ಲಿ ಉತ್ತರವಿರಲಿಲ್ಲ. ಜಾಲತಾಣಗಳ ದೋಷಗಳಿಗೆ ಓವಾಸ್ಪ್ ಎಂಬ ಸಂಸ್ಥೆಯ ಪಟ್ಟಿಯೊಂದಿದೆ, 2021ರ ಪಟ್ಟಿಯಲ್ಲಿ ಇಂತಹ ದೋಷಕ್ಕೇ ಮೊದಲ ಸ್ಥಾನ ಎಂದೆ. ಅವರು ಒಮ್ಮೆಗೇ ಗಂಭೀರರಾದರು. 'ಪಟ್ಟಿಯಲ್ಲಿ ನಮ್ಮ ಸೊಸೈಟಿಯ ಹೆಸರಿದೆಯೇ?'

ಇಲ್ಲ ಎಂದ ಮೇಲೆ ಫೋನ್ ತೆಗೆದು ಮಂಗಳೂರಿನ ತಂತ್ರಾಂಶದವರಿಗೆ ಮಾತಾಡಿದರು. ದೋಷದ ಬಗ್ಗೆ ಒಂದು ವಾಕ್ಯ, ನಾನು ಯಾರ ಮಗ ಎಂಬ ಬಗ್ಗೆ ನಾಲ್ಕು ವಾಕ್ಯ. ಮಾತು ಮುಗಿಸಿ, ದನಿ ತಗ್ಗಿಸಿ ನನ್ನನ್ನು ಕೇಳಿದರು: 'ಅಪ್ಪನದ್ದು ನೋಡಿದೆಯಾ?'

'ನೋಡಿದೆ.'

'ನೋಡಲಿಲ್ಲ' ಎಂದರು. ಸಾಲದ ಕಾಗದಕ್ಕೆ ಸಹಿ ಹಾಕಿದವರು ಅವರೇ ಅಲ್ಲವೇ. ನಾನೂ ನೋಡಲಿಲ್ಲ ಎಂದೆ.

ಎರಡು ದಿನದಲ್ಲಿ ದೋಷ ಹೋಗಿತ್ತು. ಇಂತಹದೇ ಒಂದನ್ನು ಸರಿಪಡಿಸಲು ಸಮುದ್ರದಾಚೆಯ ಕಂಪನಿಯೊಂದು ಬೂತಾಯಿಯಿಂದ ನಾಲ್ಕು ತಿಂಗಳು ಕಾಗದ ಬರೆಸಿಕೊಂಡಿತ್ತು. ಪಾಪ, ಬೂತಾಯಿಗೆ ಅಪ್ಪನಿಲ್ಲ, ಬರಿಯಿಲ್ಲ. ವರದಿ ಎಷ್ಟು ಗಟ್ಟಿಯೋ ಬೆಲೆ ಅಷ್ಟೇ. ಅದು ಒಳ್ಳೆಯದೆಂದು ಇಷ್ಟು ದಿನ ನಂಬಿಕೊಂಡಿದ್ದೆ. ಈಗಲೂ ಹಾಗೆಯೇ ನಂಬುತ್ತೇನೆ. ಮ್ಯಾನೇಜರು ನನ್ನ ಮೂರು ಪುಟಗಳನ್ನು ಇವತ್ತಿಗೂ ಓದಿಲ್ಲ, ಅದರ ಮೇಲೆ ಚಹಾದ ಲೋಟ ಇಟ್ಟಿದ್ದರು ಎಂಬ ಕೋಪವೂ ಹೋಗಿಲ್ಲ. ಎರಡನೆಯ ಪುಟದ ಚಿತ್ರಕ್ಕೆ ನಾನು ಒಂದು ರಾತ್ರಿ ಪೂರ್ತಿ ಕುಳಿತಿದ್ದೆ.

ಇವತ್ತು ಭಾನುವಾರ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಪ್ಪನ ಬೆರಳಿನಲ್ಲಿ ಉಂಗುರವಿತ್ತು. ಅಮ್ಮ ಅನ್ನ ಬಡಿಸುತ್ತ 'ಈಗ ಬಿಗಿಯಾಗುವುದಿಲ್ಲವೇ?' ಎಂದರು. 'ಇಲ್ಲ, ಸರಿಯಾಗಿದೆ' ಎಂದರು ಅಪ್ಪ. ಎಂಬತ್ತೆರಡನೆಯ ದಿನ. ನಾನು ತಲೆಯೆತ್ತದೆ ಬೂತಾಯಿಯ ಮುಳ್ಳು ಬಿಡಿಸುತ್ತಿದ್ದೆ. ಅಮ್ಮನ ದನಿಯನ್ನು ಕೇಳಿದರೆ, ಅವರೂ ಯಾವುದೋ ದಾರಿಯಿಂದ ಆ ಪುಟ ನೋಡಿದವರೇ ಇರಬೇಕು ಎಂದು ನನಗೆ ಗುಮಾನಿ.

ಸೊಸೈಟಿಯ ಕಥೆಗೂ ನನ್ನ ವ್ಯಕ್ತಿತ್ವಕ್ಕೂ ಸಂಬಂಧವಿದೆ ಎಂದಿದ್ದೆ. ಬರೆಯಲು ಕುಳಿತಾಗ ಇತ್ತು. ಹಾಳೆಯಲ್ಲಿ ಒಂಬತ್ತು ಗೆರೆ ಹಾಗೆಯೇ ಖಾಲಿ ಇವೆ, ನಾಳೆ ಕೊಡಬೇಕು. ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕದವನದ್ದನ್ನು ನೋಡಿ ಬರೆದುಕೊಳ್ಳುತ್ತೇನೆ. ಅವನಲ್ಲಿ ಹಾಳೆಯ ಹಿಂಬದಿಯಲ್ಲಿಯೂ ಇವೆ.